ಬಾವ ಬದಲಾಯಿಸದೆ ಬಿಟ್ಟ ಸಾಲು

ಕಚೇರಿಯಲ್ಲಿ ಅವರನ್ನು ನಾನು ಸರ್ ಎನ್ನುತ್ತಿದ್ದೆ, ಮನೆಯಲ್ಲಿ ಬಾವ. ನನ್ನ ಗಂಡನ ಅಣ್ಣ ಅವರು. ಮೈಸೂರಿನ ಕುಂಬಾರಕೊಪ್ಪಲಿನ ಮನೆಯಿಂದ ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಹೊರಟು, ಅವರು ಮುಂದೆ ನಾನು ಹಿಂದೆ ನಡೆದು, ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನ ಗೇಟು ದಾಟುತ್ತಿದ್ದ ಹಾಗೆ ಬಾವ ಸರ್ ಆಗುತ್ತಿದ್ದರು. ಸಂಜೆ ಗೇಟಿನಿಂದ ಹೊರಗೆ ಬಂದರೆ ಮತ್ತೆ ಬಾವ. ಹೋದ ತಿಂಗಳು ತೀರಿಕೊಂಡರು. ಬಂದವರೆಲ್ಲ ನನ್ನ ಮುಖ ನೋಡಿ, ಪಾಪ, ಕಲ್ಲಾಗಿಬಿಟ್ಟಿದ್ದಾಳೆ ಎಂದರು. ಕಲ್ಲಾಗಿದ್ದು ಹೋದ ತಿಂಗಳಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿದು, ಚಿವುಟಿಕೊಂಡರೂ ಯಾರದೋ ಕಾಲು ಎನ್ನಿಸುತ್ತದಲ್ಲ, ನನಗೆ ಹಾಗಾಗಿ ಬಹಳ ವರ್ಷವಾಯಿತು. ಅದಕ್ಕೆ ಅರ್ಧ ಕಾರಣ ನನ್ನ ಗಂಡ, ಇನ್ನರ್ಧ ಬಾವ. ಆದರೂ ಅವರ ಬಗ್ಗೆ ಬರೆಯಬೇಕು ಎನ್ನಿಸಿದೆ, ಬರೆಯುವುದಕ್ಕೆ ಆ ಮನೆಯಲ್ಲಿ ಬೇರೆ ಯಾರೂ ಉಳಿದಿಲ್ಲ.

ಹೊರದೇಶದ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿ ಕಳಿಸುವುದು ನಮ್ಮ ಕಚೇರಿಯ ಕೆಲಸ. ಒಂದು ಸಾಲಿನಲ್ಲಿ ಟೈಪು ಮಾಡುವವರು, ಇನ್ನೊಂದು ಸಾಲಿನಲ್ಲಿ ನನ್ನಂಥ ತಿದ್ದುವವರು, ಮೂಲೆಯ ಗಾಜಿನ ಗೂಡಿನಲ್ಲಿ ಬಾವ ಒಬ್ಬರೇ. ದಪ್ಪ ಪುಸ್ತಕವೊಂದರ ಉದ್ದಕ್ಕೂ ಒಂದೇ ಬಗೆಯ ತಪ್ಪು ಹರಡಿಕೊಂಡಿದ್ದರೆ ನಾವು ಅದನ್ನು ತಿದ್ದಲು ವಾರಗಟ್ಟಲೆ ಬೇಕು. ಬಾವ ಕಪ್ಪು ಪರದೆಯ ಮೇಲೆ ಚುಕ್ಕಿ, ನಕ್ಷತ್ರ, ಆವರಣ ಎಂದು ಅರ್ಥವಾಗದ ಒಂದು ಸಾಲು ಬರೆದು ಗುಂಡಿ ಒತ್ತಿದರೆ ಆ ತಪ್ಪುಗಳೆಲ್ಲ ತಾವಾಗಿ ಒಂದರ ಹಿಂದೆ ಒಂದು ಎದ್ದು ಬರುತ್ತಿದ್ದವು. ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂದು ಅದರ ಪೂರ್ತಿ ಹೆಸರು. ಅಷ್ಟು ದೊಡ್ಡ ಹೆಸರನ್ನು ಕರೆಯುವ ಪುರಸೊತ್ತು ಯಾರಿಗೂ ಇರಲಿಲ್ಲ. ಪ್ಯಾಟರ್ನ್ ಎನ್ನುತ್ತಿದ್ದೆವು. ಹತ್ತಾರು ಜನ ಮಾಡುವ ಕೆಲಸವನ್ನು ಒಬ್ಬರೇ ಮಾಡುತ್ತಿದ್ದರಿಂದ ಮಾಲೀಕರಿಗೆ ಅವರೆಂದರೆ ಪ್ರಾಣ. ಅದು ಬಾವನಿಗೂ ಗೊತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಬುಷ್‌ಶರ್ಟು, ಜೇಬಿನಲ್ಲಿ ನಶ್ಯದ ಡಬ್ಬಿ, ಮುಖದಲ್ಲಿ ನನ್ನ ಬಿಟ್ಟರೆ ಇಲ್ಲ ಎನ್ನುವ ಕಳೆ. ವಿನಯ ಎನ್ನುವುದು ಅವರ ಹತ್ತಿರ ಹಾಯ್ದದ್ದನ್ನು ನಾನಂತೂ ನೋಡಲಿಲ್ಲ.

ನಾನು ಸೇರಿದ ಹೊಸದರಲ್ಲಿ ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಹೇಳಿದರು. "ಚುಕ್ಕಿ ಅಂದ್ರೆ ಯಾವ ಅಕ್ಷರ ಬೇಕಾದ್ರೂ ಆಗ್ಬಹುದು ಕಣಮ್ಮ. ನಕ್ಷತ್ರ ಅಂದ್ರೆ ಅದು ಎಷ್ಟು ಸಲ ಬೇಕಾದ್ರೂ ಬರಬಹುದು. ಯಾವುದು ಬದಲಾಗುತ್ತೋ ಅಲ್ಲಿ ಚುಕ್ಕಿ ಇಟ್ಬುಡು. ಯಾವುದು ಬದಲಾಗಲ್ವೋ ಅದನ್ನ ಇದ್ದಂಗೇ ಬರಿ. ಇಷ್ಟೇ ವಿದ್ಯೆ, ಇನ್ನೇನಿಲ್ಲ."

ಚುಕ್ಕಿಯ ಪಕ್ಕ ನಕ್ಷತ್ರ ಇಟ್ಟರೆ ಮಾತ್ರ ಎಚ್ಚರಿಕೆ ಎಂದರು. ಅವರೇ ಒಮ್ಮೆ, ಪುಸ್ತಕದಲ್ಲಿ ಆವರಣದೊಳಗಿನ ಟಿಪ್ಪಣಿಗಳನ್ನೆಲ್ಲ ತೆಗೆಯಲು ಹೋಗಿ, ತೆರೆದ ಆವರಣ, ಚುಕ್ಕಿ, ನಕ್ಷತ್ರ, ಮುಚ್ಚಿದ ಆವರಣ ಎಂದು ಬರೆದರಂತೆ. ಅದು ಅಧ್ಯಾಯದ ಮೊದಲ ಆವರಣದಲ್ಲಿ ಬಾಯಿ ಹಾಕಿದ್ದು, ಕೊನೆಯ ಆವರಣ ಸಿಗುವವರೆಗೂ ನಿಲ್ಲಿಸಲಿಲ್ಲ. ನಡುವಿನ ಅಧ್ಯಾಯವೆಲ್ಲ ಹೋಯಿತು. "ಮದುವೆ ಮನೇಲಿ ಕೆಲವರು ಇರ್ತಾರೆ ನೋಡು, ಬಡಿಸೋನು ಪಂಕ್ತಿಯ ಆ ತುದಿ ಮುಟ್ಟೋವರೆಗೂ ಸಾಕು ಅನ್ನಲ್ಲ. ಈ ನಕ್ಷತ್ರ ಆ ಜಾತಿ" ಎಂದು ಸದ್ದಿಲ್ಲದೆ ಭುಜ ಕುಲುಕಿಸಿ ನಕ್ಕರು. ಅವರು ನಗುವುದು ಹಾಗೆಯೇ. ಹಿಂದಿನಿಂದ ನೋಡಿದವರು ಅಳುತ್ತಿದ್ದಾರೆ ಎಂದುಕೊಳ್ಳಬೇಕು.

ನನ್ನನ್ನು ಆ ಕಚೇರಿಗೆ ಸೇರಿಸಿದವರೂ ಅವರೇ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಗಂಡ ಅಲ್ಲೇ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ಒಂದು ದಿನ ಮಧ್ಯಾಹ್ನದ ಪಾಳಿಗೆಂದು ಊಟದ ಡಬ್ಬಿ ಹಿಡಿದು ಹೋದವರು ಕಾರ್ಖಾನೆಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಜಗಳವಿರಲಿಲ್ಲ, ಸಾಲವಿರಲಿಲ್ಲ, ಕಾಯಿಲೆಯಿರಲಿಲ್ಲ. ನಮಗೆ ಮದುವೆಯಾಗಿ ಇನ್ನೂ ಎರಡು ದೀಪಾವಳಿ ಆಗಿರಲಿಲ್ಲ. ಪೊಲೀಸಿನವರು ಫೋಟೋ ತೆಗೆದುಕೊಂಡರು. ಆಸ್ಪತ್ರೆ, ರೈಲ್ವೆ ಸ್ಟೇಷನ್ನು, ಮಠ, ಕೆರೆ ಎಂದು ಬಾವ ಎಲ್ಲ ಕಡೆ ಅಲೆದು ಬಂದರು. ಬಾವ ಮದುವೆಯಾದವರಲ್ಲ. ಮಾವ ನಾನು ಆ ಮನೆಗೆ ಬರುವ ಮುಂಚೆಯೇ ಹೋಗಿದ್ದರು. ಉಳಿದವರು ಅತ್ತೆ, ಬಾವ, ನಾನು. ಅತ್ತೆ ದಿನವೂ ರಾತ್ರಿ ಮಗನ ತಟ್ಟೆ ತೊಳೆದು ಕವುಚಿಡುತ್ತಿದ್ದರು. "ಬತ್ತಾನೆ ಕಣವ್ವ, ಎಲ್ಲೋಗ್ತಾನೆ. ಅಂಗೇ ಬಂದು ನಿಂತ್ಕತಾನೆ ಬಾಗಿಲಲ್ಲಿ, ನೋಡ್ತಿರು" ಎನ್ನುತ್ತಿದ್ದರು. ಮೊದಮೊದಲು ನಾನೂ ಬಾಗಿಲ ಕಡೆ ನೋಡುತ್ತಿದ್ದೆ. ಆಮೇಲಾಮೇಲೆ ಬಾಗಿಲು ಬರೀ ಬಾಗಿಲಾಯಿತು.

ಇನ್ನು ಸಮಾಜದ ಕೈಪಿಡಿಯ ವಿಷಯ. ನಮ್ಮ ಸಮಾಜದವರು ಕೆಲವು ವರ್ಷಕ್ಕೊಮ್ಮೆ ಮೈಸೂರಿನಲ್ಲಿರುವ ನಮ್ಮ ಕುಟುಂಬಗಳ ಹೆಸರು, ವಿಳಾಸ ಸೇರಿಸಿ ಒಂದು ಪುಸ್ತಕ ತರುತ್ತಾರೆ. ಮಾಲೀಕರೂ ಸಮಾಜದವರೇ ಆದ್ದರಿಂದ ಆ ಕೆಲಸ ನಮ್ಮ ಶೆಡ್ಡಿಗೆ ಬರುತ್ತಿತ್ತು. ಪ್ರತಿ ಸಾಲಿನಲ್ಲೂ ಹಳೆಯ ಪದ್ಧತಿಯಂತೆ, ಗಂಡಸಾದರೆ ಇಂಥವರು ಬಿನ್ ಇಂಥವರು, ಹೆಂಗಸಾದರೆ ಇಂಥವರು ಕೋಂ ಇಂಥವರು, ಎಂದರೆ ಇಂಥವರ ಮಗ, ಇಂಥವರ ಹೆಂಡತಿ. ಯಾರಾದರೂ ತೀರಿಕೊಂಡಿದ್ದರೆ ಅವರ ಹೆಸರಿಗೆ ಮೊದಲು ಲಿಂ. ಎಂದು ಸೇರಿಸಬೇಕು, ಲಿಂಗೈಕ್ಯರಾದವರು ಎಂದು ತೋರಿಸಲು. ಕೇಳುವುದಕ್ಕೆ ಸಣ್ಣ ಕೆಲಸ. ಆದರೆ ಒಬ್ಬ ಯಜಮಾನರು ಹೋದರೆ ಅವರ ಸಾಲಷ್ಟೇ ಬದಲಾದರೆ ಸಾಲದು. ಗಂಡುಮಕ್ಕಳೆಲ್ಲರ ಬಿನ್ ಮುಂದೆ ಲಿಂ. ಬರಬೇಕು, ಹೆಂಡತಿಯ ಕೋಂ ಮುಂದೆ ಲಿಂ. ಬರಬೇಕು. ಒಂದು ಸಾವು ಪುಸ್ತಕದ ತುಂಬ ಹರಡಿಕೊಂಡಿರುತ್ತದೆ. ಅದಕ್ಕೆ ಬಾವನ ಪ್ಯಾಟರ್ನೇ ಆಗಬೇಕು.

ಆ ಕೆಲಸ ನಮಗೆ ಬರುವ ಮೊದಲು ಅದನ್ನು ಯಾರೋ ಬೇರೆ ಕಡೆ ಮಾಡಿ, ಹುಡುಕಲು ಬರೀ ಹೆಸರು ಹಾಕಿ, ಎಲ್ಲವನ್ನೂ ಬದಲಾಯಿಸು ಎಂಬ ಗುಂಡಿಯನ್ನು ಒಂದೇ ಏಟಿಗೆ ಒತ್ತಿದ್ದರಂತೆ. ನಮ್ಮಲ್ಲಿ ಬೀದಿಗೊಬ್ಬರು ಮಹದೇವಪ್ಪ. ಒಬ್ಬ ಮಹದೇವಪ್ಪನವರು ಹೋಗಿದ್ದಕ್ಕೆ ಎಲ್ಲ ಮಹದೇವಪ್ಪಗಳೂ ಹೋದರು. ಅವರಲ್ಲಿ ಒಬ್ಬರು ಆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಶೆಡ್ಡಿಗೇ ಬಂದರು. ಅಷ್ಟರಲ್ಲಿ ಮುಂದಿನ ಪುಸ್ತಕದ ಕೆಲಸ ನಮಗೆ ಬಂದಿತ್ತು, ನಾನು ಅಲ್ಲೇ ಇದ್ದೆ.

"ಏನ್ರೀ ಇದು? ನಿಮ್ಮ ಪುಸ್ತಕ ನೋಡ್ಕೊಂಡು ನಮ್ಮ ಬೀಗರು ಹಾರ ಹಿಡ್ಕೊಂಡು ಬಂದ್ಬುಟ್ರು ಕಣ್ರೀ! ಬಾಗಿಲು ತೆಗೆದವನು ನಾನೇ! ಅವರು ಹಾರ ಎಲ್ಲಿಡೋದು ಅಂತ ಗೊತ್ತಾಗದೆ ನನ್ನ ಕೈಗೇ ಕೊಟ್ರು!"

ಬಾವ ಎದ್ದು ಕುರ್ಚಿ ಕೊಟ್ಟರು. "ಕೂತ್ಕೊಳಿ ಸ್ವಾಮಿ. ಆ ತಪ್ಪು ನಮ್ಮದಲ್ಲ, ಆದ್ರೂ ಕಾಫಿ ನಮ್ಮದು. ನಮ್ಮ ಕಾಫಿ ಕುಡಿದವರನ್ನ ನಾವು ಸಾಯಿಸಲ್ಲ" ಎಂದರು. ಮಹದೇವಪ್ಪನವರು ಎರಡು ಲೋಟ ಕುಡಿದು ನಗುತ್ತಾ ಹೋದರು. ಅವರು ಹೋದ ಮೇಲೆ ಬಾವ ನಗಲಿಲ್ಲ. ಎಲ್ಲವನ್ನೂ ಬದಲಾಯಿಸು ಎಂಬ ಗುಂಡಿಯನ್ನು ಕೈಪಿಡಿಯ ಕೆಲಸಕ್ಕೆ ಯಾರೂ ಮುಟ್ಟಕೂಡದು ಎಂದು ಅಂದೇ ಕಟ್ಟಪ್ಪಣೆ ಮಾಡಿದರು.

ಅವರ ಪದ್ಧತಿ ಬೇರೆ. ಕಪ್ಪು ಪರದೆಯಲ್ಲಿ ನಮ್ಮ ಕನ್ನಡ ಕನ್ನಡವಾಗಿ ಕಾಣುತ್ತಿರಲಿಲ್ಲ, ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳೆಲ್ಲ ಕಲಸಿಹೋದ ಹಾಗಿರುತ್ತಿತ್ತು. ಬಾವ ಅದನ್ನು ಪತ್ರಿಕೆ ಓದಿದಷ್ಟು ಸಲೀಸಾಗಿ ಓದುತ್ತಿದ್ದರು. ಹುಡುಕು ಎಂದು ಒತ್ತುತ್ತಿದ್ದರು. ಸಿಕ್ಕ ಸಾಲನ್ನು ಗಟ್ಟಿಯಾಗಿ ಓದುತ್ತಿದ್ದರು. ಪಕ್ಕದಲ್ಲಿ ಕೂತ ನಾನು ಸಮಾಜದಿಂದ ಬಂದ ಸಾವಿನ ಚೀಟಿಗಳನ್ನು ನೋಡಿ, ತಂದೆಯ ಹೆಸರು, ಬೀದಿ ಎಲ್ಲ ತಾಳೆಯಾದರೆ ಹೂಂ ಎನ್ನಬೇಕು, ಇಲ್ಲದಿದ್ದರೆ ಬೇಡ ಎನ್ನಬೇಕು. ಹೂಂ ಎಂದರೆ ಬದಲಾಯಿಸುತ್ತಿದ್ದರು. ಬೇಡ ಎಂದರೆ ಮುಂದಿನದು. "ಸಿಕ್ತು ಅಂದ ಮಾತ್ರಕ್ಕೆ ಅದೇ ಅಂತಲ್ಲ. ಓದಿ ನೋಡ್ಬೇಕು" ಎನ್ನುವುದು ಅವರ ಮಾತು. ಹೀಗೆ ಊರಿನವರ ಸಾವಿಗೆಲ್ಲ ನಾನು ಹೂಂ ಎನ್ನುತ್ತಾ ಕೂರುತ್ತಿದ್ದೆ. ಮೊದಲ ದಿನ ಒಂದೊಂದು ಚೀಟಿಯನ್ನೂ ಎರಡೆರಡು ಸಲ ಓದಿದ್ದೆ. ನಾಲ್ಕನೇ ದಿನದ ಹೊತ್ತಿಗೆ ಹೂಂ ಎನ್ನುತ್ತಲೇ ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಏನು ಪಲ್ಯ ಹಾಕಿದ್ದೆ ಎಂದು ಯೋಚಿಸುತ್ತಿದ್ದೆ.

ಆ ಸಲ ನನ್ನ ಗಂಡನ ಸಾಲು ಇದ್ದ ಹಾಗೇ ಅಚ್ಚಾಯಿತು. ಯಾರೂ ಏನೂ ಹೇಳಲಿಲ್ಲ, ನನಗೂ ಅದು ಹಾಗೇ ಇರಬೇಕಾಗಿತ್ತು.

ಬಾವ ಹುಡುಕುವುದನ್ನು ಬಿಟ್ಟಿರಲಿಲ್ಲ. ಸಂಜೆ ಕಚೇರಿ ಬಿಟ್ಟ ಮೇಲೆ ನನ್ನನ್ನು ಮನೆಗೆ ಕಳಿಸಿ, ತಾವು ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತಿಗೆ ಬಸ್ ಸ್ಟಾಪಿನಲ್ಲಿ ನಿಲ್ಲುತ್ತಿದ್ದರು. ಬಸ್ಸು ಬಂದರೆ ಇಳಿಯುವವರನ್ನೆಲ್ಲ ನೋಡುವುದು, ಹತ್ತುವವರನ್ನೆಲ್ಲ ನೋಡುವುದು, ಮುಂದಿನ ಬಸ್ಸಿಗೆ ಕಾಯುವುದು. ಹೀಗೆ ನಿಂತು ಏನು ಪ್ರಯೋಜನ, ಇಷ್ಟು ವರ್ಷದ ಮೇಲೆ ಮುಖವೇ ಬದಲಾಗಿರುತ್ತದಲ್ಲ ಎಂದು ಒಮ್ಮೆ ಕೇಳಿದೆ.

"ಮುಖ ಯಾರು ನೋಡ್ತಾರೆ? ಮುಖಕ್ಕೆ ಚುಕ್ಕಿ ಇಟ್ಟಿದ್ದೀನಿ" ಎಂದರು. "ಕೂದಲಿಗೆ ಚುಕ್ಕಿ, ಮೈಗೆ ಚುಕ್ಕಿ, ಗಡ್ಡ ಇದ್ರೂ ಸರಿ ಇಲ್ದಿದ್ರೂ ಸರಿ. ಎಡಗಡೆ ಭುಜ ಒಂಚೂರು ಇಳಿಬಿಟ್ಕೊಂಡು ನಡೀತಾನಲ್ಲ, ಅದು ಬದಲಾಗಲ್ಲ. ಬಸ್ಸಿಂದ ಇಳಿಯೋವಾಗ ಕೆಳಗೆ ನೋಡಲ್ಲ, ಅದೂ ಬದಲಾಗಲ್ಲ. ಅವೆರಡನ್ನ ನೋಡ್ತೀನಿ."

ಹೆಂಡತಿಯಾದ ನನಗೆ ಆ ಇಳಿದ ಭುಜ ನೆನಪಿರಲಿಲ್ಲ. ಅವರು ಹೇಳಿದ ಮೇಲೆ ಹೌದಲ್ಲವೇ ಎನ್ನಿಸಿತು. ತೊಂದರೆ ಏನೆಂದರೆ, ಮೈಸೂರಿನಲ್ಲಿ ಎಡಭುಜ ಇಳಿಬಿಟ್ಟವರು ಬಹಳ ಜನ ಇದ್ದಾರೆ. ಬಾವ ಅವರ ಹಿಂದೆ ಹೋಗುತ್ತಿದ್ದರು. ಒಂದು ಸಲ ತರಕಾರಿ ತರಲು ಹೋದವಳು ನಾನೇ ಕಣ್ಣಾರೆ ನೋಡಿದೆ. ಯಾರೋ ಒಬ್ಬ ಗಂಡಸಿನ ಹಿಂದೆ ಬೀದಿಯುದ್ದಕ್ಕೂ ನಡೆದು, ಅವನು ಬೀಡಾ ಅಂಗಡಿಯ ಮುಂದೆ ನಿಂತಾಗ ಎದುರಿಗೆ ಹೋಗಿ ನಿಂತರು. ಒಂದು ಗಳಿಗೆ ನೋಡಿ, "ಟೈಮೆಷ್ಟು ಸಾರ್?" ಎಂದರು. ಅವರ ಕೈಯಲ್ಲೇ ಗಡಿಯಾರವಿತ್ತು. ಅವನು ಅದನ್ನೇ ನೋಡಿ ಬೈದುಕೊಂಡು ಹೋದ. ಮನೆಗೆ ಬಂದು ಏನೂ ಆಗದವರಂತೆ ಊಟಕ್ಕೆ ಕೂತರು. ಅಯ್ಯೋ ಎನ್ನಿಸಿತು, ಸಿಟ್ಟೂ ಬಂತು. ಎರಡನ್ನೂ ಹೊರಗೆ ಹಾಕದೆ ಸಾರು ಬಡಿಸಿದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಂಡಕಳ್ಳಿ ಕಡೆಯಿಂದ ಒಂದು ಸಂಬಂಧ ಬಂತು. ನನಗೇ. ಹೆಂಡತಿ ತೀರಿಕೊಂಡವರು, ಒಂದು ಪುಟ್ಟ ಹೆಣ್ಣುಮಗುವಿತ್ತು, ರೇಷ್ಮೆ ಇಲಾಖೆಯಲ್ಲಿ ಕೆಲಸ. ಅವರನ್ನು ಒಂದು ಮದುವೆಯಲ್ಲಿ ನೋಡಿದ್ದೆ. ಮಗು ನನ್ನ ತೊಡೆ ಮೇಲೆ ಕೂತು ನನ್ನ ಎಲೆಯ ಹಪ್ಪಳ ತಿಂದಿತ್ತು. ನನಗೆ ಆಸೆಯಾಯಿತು. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ನಮ್ಮಲ್ಲಿ ಗಂಡ ಹೋದವರಿಗೆ ಮರುಮದುವೆ ಹೊಸದಲ್ಲ. ಆದರೆ ನನ್ನ ಗಂಡ ಹೋಗಿದ್ದಾರೆ ಎಂದು ಯಾರು ಹೇಳಬೇಕು? ಮಂಡಕಳ್ಳಿಯವರ ಅಕ್ಕ ನಮ್ಮ ಮನೆಗೆ ಬಂದಾಗ ಕೈಚೀಲದಿಂದ ಕೈಪಿಡಿ ತೆಗೆದು, ನನ್ನ ಸಾಲಿನ ಮೇಲೆ ಬೆರಳಿಟ್ಟು ಮೆತ್ತಗೆ ಹೇಳಿದರು.

"ತಪ್ಪು ತಿಳ್ಕೋಬೇಡ ಕಣಮ್ಮ. ಇಲ್ಲಿ ಕೋಂ ಅಂತ ಇದೆ, ಲಿಂ. ಅಂತ ಇಲ್ಲ. ನಾಳೆ ಜನ ಇದನ್ನೇ ತೆಗೆದು ತೋರಿಸ್ತಾರೆ. ಕೋರ್ಟಿನಲ್ಲಿ ಹೇಳ್ಸಿದ್ರೆ ಆಗುತ್ತಂತೆ, ಏಳು ವರ್ಷ ಸುದ್ದಿ ಇಲ್ಲ ಅಂತ. ಹೊಸ ಪುಸ್ತಕ ಬರೋದ್ರೊಳಗೆ ಅದೊಂದು ಮಾಡ್ಸಿಬುಡಿ. ನಾವು ಕಾಯ್ತೀವಿ."

ಕೋರ್ಟಿಗೂ ಬಾವನೇ ಬಂದು ಹೇಳಬೇಕಿತ್ತು, ಕೈಪಿಡಿಯಲ್ಲೂ ಬಾವನೇ ಬದಲಾಯಿಸಬೇಕಿತ್ತು. ಸಮಾಜದ ಕಾರ್ಯದರ್ಶಿಗಳು ಅಷ್ಟರಲ್ಲಿ ತಾವಾಗಿಯೇ, ಇಷ್ಟು ವರ್ಷವಾಯಿತಲ್ಲ ಎಂದು ನನ್ನ ಗಂಡನ ಹೆಸರನ್ನೂ ಚೀಟಿಗಳ ಜೊತೆ ಸೇರಿಸಿ ಕಳಿಸಿದ್ದರು. ಕಚೇರಿಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಗಾಜಿನ ಗೂಡಿಗೆ ಹೋಗಿ ಬಾಗಿಲು ಹಾಕಿಕೊಂಡು ಕೇಳಿದೆ.

"ಬಾವ, ಆ ಚೀಟಿ ಹಾಕಿಬಿಡಿ. ನನಗೊಂದು ದಾರಿಯಾಗುತ್ತೆ."

ಅವರು ನಶ್ಯದ ಡಬ್ಬಿಯನ್ನು ತೆರೆದು ಮುಚ್ಚಿದರು. "ನಿನ್ನ ಮದುವೆಗೆ ನಾನು ಅಡ್ಡ ಅಲ್ಲ ಕಣಮ್ಮ. ನೀನು ಚೆನ್ನಾಗಿರ್ಬೇಕು. ಆದ್ರೆ ಅವನ್ನ ಸಾಯ್ಸು ಅಂತೀಯಲ್ಲ, ನಾನಿನ್ನೂ ಪೂರ್ತಿ ಹುಡುಕಿಲ್ಲ" ಎಂದರು.

"ಪೂರ್ತಿ ಅಂದ್ರೆ ಎಲ್ಲಿವರೆಗೆ?"

ಬಾವ ಕತ್ತು ಬಗ್ಗಿಸಿ ಕೂತರು. ಭುಜ ಕುಲುಕುತ್ತಿತ್ತು. ನಗುತ್ತಿರಲಿಲ್ಲ ಎಂದು ಗೊತ್ತು, ಆದರೂ ನಾನು ಹತ್ತಿರ ಹೋಗಲಿಲ್ಲ.

ಆ ಸಲ ಅವರ ಜೊತೆ ಹೂಂ ಎನ್ನಲು ನಾನು ಕೂರಲಿಲ್ಲ. ಸಾಧ್ಯವಿಲ್ಲ ಎಂದೆ. ಹೊಸದಾಗಿ ಸೇರಿದ್ದ ಒಬ್ಬಾಕೆಯನ್ನು ಕೂರಿಸಿಕೊಂಡರು. ಚೀಟಿಯಲ್ಲಿ ತಮ್ಮನ ಹೆಸರಿದ್ದದ್ದರಿಂದ ಪ್ಯಾಟರ್ನು ಅವನನ್ನು ಹಿಡಿದೇ ಹಿಡಿಯುತ್ತಿತ್ತು. ಹಿಡಿದರೆ ಗಟ್ಟಿಯಾಗಿ ಓದಬೇಕು, ಓದಿದರೆ ಆಕೆ ಹೂಂ ಎನ್ನುತ್ತಾಳೆ. ಅದಕ್ಕೆ ಬಾವ ತಮ್ಮ ಪ್ಯಾಟರ್ನಿಗೆ ಒಂದು ಬಾಲ ಸೇರಿಸಿದರು, ಇಂಥ ವಿಳಾಸವಿರುವ ಸಾಲುಗಳನ್ನು ಬಿಟ್ಟು ಹುಡುಕು ಎಂದು. ಹೆಸರು ಕೊಟ್ಟರೆ ಅದೇ ಹೆಸರಿನ ಬೇರೆಯವರೂ ತಪ್ಪಿಹೋಗುತ್ತಾರೆ ಎಂದು ನಮ್ಮ ಮನೆಯ ವಿಳಾಸವನ್ನೇ ಕೊಟ್ಟರು. ಅಷ್ಟು ಅಚ್ಚುಕಟ್ಟು. ನನ್ನ ಗಂಡ ಬದುಕಿದರು, ನಾನು ಅವರ ಹೆಂಡತಿಯಾಗಿ ಉಳಿದೆ, ಮಂಡಕಳ್ಳಿಯವರು ಕಾದು ನೋಡಿ ಬೇರೆ ಕಡೆ ಮದುವೆ ಮಾಡಿಕೊಂಡರು. ಅವರ ಆಮಂತ್ರಣ ಪತ್ರಿಕೆಯೂ ಬಂತು. ನಾವು ಹೋಗಲಿಲ್ಲ.

ಸಿಟ್ಟು ಉಳಿದಿದ್ದರೆ ಚೆನ್ನಾಗಿತ್ತು. ಒಂದು ವಾರ ಬಂದಿತ್ತು ಕೂಡ, ಅನ್ನಕ್ಕೆ ಉಪ್ಪು ಹಾಕಿ ಸಾರಿಗೆ ಹಾಕದೆ ಬಡಿಸಿದೆ. ಬಾವ ಅದನ್ನೇ ಉಂಡರು. ಆಮೇಲೆ ಸಿಟ್ಟೂ ಹೋಯಿತು, ಅದರ ಜಾಗಕ್ಕೆ ಏನೂ ಬರಲಿಲ್ಲ. ಬೆಳಿಗ್ಗೆ ಅವರು ಮುಂದೆ, ನಾನು ಹಿಂದೆ. ಗೇಟಿನೊಳಗೆ ಸರ್, ಗೇಟಿನಾಚೆ ಬಾವ. ಅತ್ತೆ ತಟ್ಟೆ ತೊಳೆದು ಕವುಚಿಡುತ್ತಲೇ ಇದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅತ್ತೆ ಹೋದರು. ವಯಸ್ಸಾಗಿತ್ತು, ನರಳಲಿಲ್ಲ, ಬೆಳಿಗ್ಗೆ ಏಳಲಿಲ್ಲ ಅಷ್ಟೇ. ಬಾವನೇ ಮುಂದೆ ನಿಂತು ಎಲ್ಲ ಮಾಡಿದರು. ಸಮಾಜಕ್ಕೆ ಚೀಟಿ ಬರೆದು ಕೊಟ್ಟವರೂ ಅವರೇ. ಅದಾದ ಮೇಲೆ ಮುಂದಿನ ಕೈಪಿಡಿ ಬಂತು. ಈ ಸಲವೂ ನಾನು ಕೂರಲಿಲ್ಲ, ಆಕೆಯೇ ಕೂತಳು. ತಾಳೆಯಾಗದೆ ಉಳಿಯುವ ಚೀಟಿಗಳು ಪ್ರತಿ ಸಲವೂ ಒಂದಿಷ್ಟು ಇದ್ದೇ ಇರುತ್ತವೆ, ಊರು ಬಿಟ್ಟವರದು, ಪುಸ್ತಕಕ್ಕೆ ಹೆಸರು ಕೊಡದವರದು. ಹೀಗೆ ಉಳಿದದ್ದನ್ನು ಆಕೆ ಎಂದಿನಂತೆ ರಬ್ಬರ್ ಬ್ಯಾಂಡು ಹಾಕಿ ಡ್ರಾಯರಿನಲ್ಲಿಟ್ಟಳು. ಪುಸ್ತಕ ಅಚ್ಚಾಗಿ ಮನೆಮನೆಗೆ ಹೋಯಿತು.

ಒಂದು ಭಾನುವಾರ ನಮ್ಮ ಮನೆಗೆ ಮದುವೆಯ ಕಾಗದ ಬಂತು. ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ದ ಲಕೋಟೆ, ಮೇಲೆ ಅತ್ತೆಯ ಹೆಸರು. ತಾವು ಸಕುಟುಂಬ ಸಮೇತರಾಗಿ ಬಂದು ವಧೂವರರನ್ನು ಹರಸಬೇಕು. ದೂರದ ನೆಂಟರು, ಕೈಪಿಡಿ ನೋಡಿ ಹೆಸರು ಬರೆದಿದ್ದರು. ಬಾವ ಅದನ್ನು ಓದಿ ನನ್ನ ಕೈಗೆ ಕೊಟ್ಟು, ಕಪಾಟಿನಿಂದ ಹೊಸ ಕೈಪಿಡಿ ತೆಗೆದರು. ನಮ್ಮ ವಿಳಾಸದ ಎಲ್ಲ ಸಾಲುಗಳೂ ಹಾಗೇ ಇದ್ದವು. ತಮ್ಮ ಇದ್ದ, ತಮ್ಮನ ಹೆಂಡತಿ ಇದ್ದಳು, ಅಮ್ಮ ಇದ್ದರು. ತಮ್ಮನನ್ನು ಕಾಪಾಡಲು ಹಾಕಿದ್ದ ಬಾಲ ಹಳೆಯ ಪ್ಯಾಟರ್ನಿನಲ್ಲೇ ಉಳಿದುಕೊಂಡು, ಸತ್ತ ಅಮ್ಮನನ್ನೂ ಬಿಟ್ಟು ಮುಂದೆ ಹೋಗಿತ್ತು.

ಅಂಥ ಮುಖವನ್ನು ನಾನು ನೋಡಿರಲಿಲ್ಲ. ತಪ್ಪು ಎಂದರೆ ಬೇರೆಯವರು ಮಾಡುವಂಥದ್ದು ಎಂದು ತಿಳಿದ ಮನುಷ್ಯ. "ನಾನು ಅಮ್ಮನ್ನ ಬಿಟ್ಬುಟ್ಟೆ ಕಣಮ್ಮ" ಎಂದರು. ಕೈಪಿಡಿ ಮುಚ್ಚಿ ಮತ್ತೆ, "ಹೆಗಲು ಕೊಟ್ಟವನು ನಾನೇ. ನಾನೇ ಬಿಟ್ಬುಟ್ನಲ್ಲ" ಎಂದರು. ನಾನು ಕಾಫಿ ಮಾಡಿ ಕೊಟ್ಟೆ. ಇವರ ಅಮ್ಮ ಪುಸ್ತಕದಲ್ಲಿ ಬದುಕಿದ್ದಕ್ಕೆ ಇಷ್ಟು ನೋಯುತ್ತದಲ್ಲ, ನನ್ನ ಗಂಡ ಅಲ್ಲೇ ಬದುಕಿರುವುದು ನನಗೆ ಹೇಗಿರಬೇಕು ಎಂದು ಅನ್ನಿಸಿತು. ಅದನ್ನು ಹೇಳಲಿಲ್ಲ. ಅವರಿಗೇ ಅದು ಹೊಳೆಯಿತೋ ಏನೋ, ಮಂಕು ಬಡಿದವರಂತೆ ಲೋಟ ಹಿಡಿದುಕೊಂಡೇ ನನ್ನನ್ನು ನೋಡಿದರು.

ಮಾರನೇ ದಿನ ಕಚೇರಿಯಲ್ಲಿ, ತಿದ್ದುಪಡಿಯ ಹಾಳೆ ಅಚ್ಚು ಹಾಕಿಸಿ ಎಲ್ಲರಿಗೂ ಕಳಿಸುತ್ತೇನೆ ಎಂದು ಮಾಲೀಕರಿಗೆ ಹೇಳಿದರು. ಚಹಾ ಆದ ಮೇಲೆ ನನ್ನನ್ನು ಕರೆದರು. "ಇವತ್ತು ನೀನು ಕೂತ್ಕೋಬೇಕು" ಎಂದರು. ಡ್ರಾಯರಿನಿಂದ, ಹಿಂದಿನ ಸಲದ್ದೂ ಸೇರಿ, ಉಳಿದ ಚೀಟಿಗಳನ್ನು ತೆಗೆದು ನನ್ನ ಕೈಗೆ ಕೊಟ್ಟು, ನನ್ನೆದುರಿಗೇ ಆ ಬಾಲವನ್ನು ಅಳಿಸಿದರು. ಹುಡುಕು ಎಂದು ಒತ್ತಿದರು. ಅತ್ತೆಯ ಸಾಲು ಬಂತು. ಗಟ್ಟಿಯಾಗಿ ಓದಿದರು. ನಾನು ಹೂಂ ಎಂದೆ. ಬದಲಾಯಿತು. ಮತ್ತೆ ಒತ್ತಿದರು. ತಮ್ಮನ ಹೆಸರು, ಬಿನ್, ಅಪ್ಪನ ಹೆಸರು, ಮನೆಯ ನಂಬರು, ಬೀದಿ, ಒಂದೂ ಬಿಡದೆ ಓದಿದರು. ಓದಿ ಕೈಯೆತ್ತಿ ತೊಡೆಯ ಮೇಲಿಟ್ಟುಕೊಂಡರು.

"ಇದನ್ನ ನಾನು ಹೇಳಲ್ಲ. ನೀನು ಹೇಳಿದಂಗೆ" ಎಂದರು.

ಇಷ್ಟು ವರ್ಷ ಕಾದ ಗಳಿಗೆ ಬಂದರೆ ಎದೆ ಹೊಡೆದುಕೊಳ್ಳುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ನನಗೆ ಅದರಿಂದ ಇನ್ನು ಆಗಬೇಕಾದದ್ದೂ ಏನಿರಲಿಲ್ಲ, ಮಂಡಕಳ್ಳಿಯ ಮಗು ಬೇರೊಬ್ಬರ ಕೈತುತ್ತು ತಿಂದು ಶಾಲೆಗೆ ಹೋಗುತ್ತಿತ್ತು. ಕೈಯಲ್ಲಿ ಚೀಟಿ ಇತ್ತು, ಎಲ್ಲ ತಾಳೆಯಾಗುತ್ತಿತ್ತು. ಹೂಂ ಎಂದೆ. ಒತ್ತಿದರು. ಮುಂದಿನದು ನನ್ನದು. ನನ್ನ ಹೆಸರನ್ನು ಅಷ್ಟು ಪೂರ್ತಿಯಾಗಿ ಅವರು ಎಂದೂ ಕರೆದಿರಲಿಲ್ಲ. ಅದಕ್ಕೂ ಹೂಂ ಎಂದೆ.

ಅಂದು ಸಂಜೆ ಗೇಟು ದಾಟಿದ ಮೇಲೆ ಅವರು ಎಂದಿನಂತೆ ನನ್ನನ್ನು ಮನೆಗೆ ಕಳಿಸಿ ಬಸ್ ಸ್ಟಾಪಿಗೆ ಹೋದರು. ಪುಸ್ತಕದಲ್ಲಿ ಹೋದವನನ್ನು ಬಸ್ಸಿನಲ್ಲಿ ಹುಡುಕಿದರು. ನಾನೂ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಏಕೆ ಎಂದು ಅವರು ಕೇಳಲಿಲ್ಲ, ಏಕೆ ಎಂದು ನಾನೂ ಕೇಳಲಿಲ್ಲ. ನಿವೃತ್ತಿಯಾದ ಮೇಲೂ ಹೆಬ್ಬಾಳಕ್ಕೆ ನಡೆದು ಹೋಗಿ ಬರುತ್ತಿದ್ದರು. ಮಂಡಿ ಹಿಡಿದುಕೊಂಡ ಮೇಲೆ ಬೀದಿಯ ಕೊನೆಯವರೆಗೆ. ಕೊನೆಗೆ ಜಗಲಿಯವರೆಗೆ. ಹೋದ ತಿಂಗಳು ಎದೆನೋವೆಂದರು, ಆಸ್ಪತ್ರೆ ಮುಟ್ಟುವ ಮೊದಲೇ ಮುಗಿಯಿತು.

ಕೂರಿಸಿ ಹೊತ್ತೊಯ್ಯುವ ವಿಮಾನ ಕಟ್ಟಿ, ಹೂವು ಬಿಲ್ವಪತ್ರೆಯಿಂದ ಅಲಂಕರಿಸಿ, ಅವರನ್ನು ಬಿಳಿ ಬುಷ್‌ಶರ್ಟಿನಲ್ಲೇ ಕೂರಿಸಿದ್ದರು. ನಂಜನಗೂಡಿನ ಕಡೆಯಿಂದ ಬಾವನ ದೊಡ್ಡಪ್ಪ ಬಂದಿದ್ದರು. ತುಂಬ ವಯಸ್ಸಾದವರು, ಕಿವಿ ಮಂದ, ಈಚಿನದೆಲ್ಲ ಮರೆತುಹೋಗಿತ್ತು. ನನ್ನ ಕೈ ಹಿಡಿದು, "ಮಕ್ಕಳಿಲ್ದವ್ನಿಗೆ ತಮ್ಮನೇ ಅಲ್ವೇನವ್ವ ಮುಂದೆ ನಿಲ್ಬೇಕಾದ್ದು. ಏಳಿ ಕಳ್ಸಿದ್ದೀರಾ ಅವುನ್ಗೆ?" ಎಂದರು.

"ಕಳ್ಸಿದ್ದೀವಿ ದೊಡ್ಡಪ್ಪ. ದಾರೀಲಿದ್ದಾರೆ" ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು.

ದೊಡ್ಡಪ್ಪ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಎತ್ತೋಣವೇ ಎಂದು ಬಂದವರಿಗೆಲ್ಲ, "ತಮ್ಮ ದಾರೀಲವ್ನಂತೆ, ಬರ್ಲಿ ತಡೀರಿ" ಎಂದರು. ವಿಷಯ ಗೊತ್ತಿದ್ದವರು ನನ್ನ ಮುಖ ನೋಡಿ ಸುಮ್ಮನಾದರು. ಗೊತ್ತಿಲ್ಲದವರು ರಸ್ತೆ ಕಡೆ ನೋಡುತ್ತ ನಿಂತರು. ವಿಧಿ ಮಾಡಿಸಲು ಬಂದಿದ್ದ ಐನೋರು ಎರಡು ಸಲ ಹೊರಗೆ ಹೋಗಿ ಒಳಗೆ ಬಂದರು. ಬಿಸಿಲೇರಿ ವಿಮಾನದ ಸೇವಂತಿಗೆ ಬಾಡತೊಡಗಿತು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಅಷ್ಟು ಜನರೂ ಅವರಿಗಾಗಿ ಕಾಯುತ್ತಿದ್ದರೆ ಬಂದರೂ ಬಂದಾರು ಎನ್ನಿಸುತ್ತಿತ್ತು. ಆಟೋ ಒಂದು ನಿಧಾನಿಸಿ ಮುಂದೆ ಹೋಯಿತು. ಆಮೇಲೆ ಇನ್ನೊಂದು. ಕೊನೆಗೆ ಮೆಟ್ಟಿಲಿಳಿದು ದೊಡ್ಡಪ್ಪನ ಕುರ್ಚಿಯ ಹತ್ತಿರ ಹೋಗಿ, ಕಿವಿಗೆ ಬಗ್ಗಿ, ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದೆ.

"ಅವರು ಬರಲ್ಲ ದೊಡ್ಡಪ್ಪ. ತೀರಿಕೊಂಡಿದ್ದಾರೆ."

ಅವರು ಗಾಬರಿಯಾಗಿ ಕೋಲೂರಿ ಎದ್ದು ನಿಂತರು. "ಅಯ್ಯೋ ಶಿವನೇ. ಯಾವಾಗವ್ವ?"

"ನಂಗೊತ್ತಿಲ್ಲ" ಎಂದೆ. "ನಾನೇ ಮುಂದೆ ನಿಲ್ತೀನಿ. ಎತ್ತಿ ಅನ್ನಿ."